ಅಡ್ಡ ಮಲಗಿಸಿದ ಬಾಟಲಿ

"ಒಬ್ಬನ ಮೂಗು ದೊಡ್ಡದಂತೆ, ಇನ್ನೊಬ್ಬನ ಹೊಟ್ಟೆ ದೊಡ್ಡದಂತೆ! ನಿನಗೆ ಎಂಥ ಗಂಡು ಬೇಕು ಮಾರಾಯ್ತಿ? ಆ ಪೋರ್ಟ್ ವೈನನ್ನು ನಾನು ಸತ್ತ ಮೇಲೆ ಕುಡಿಯುದಾ?" ಅಪ್ಪ ಕಿರುಚಿದರು.

ಮಗಳು ಹುಟ್ಟಿದ ವರ್ಷ ತರಿಸಿ, ನೆಲಮಾಳಿಗೆಯಲ್ಲಿ ಅಡ್ಡ ಮಲಗಿಸಿಟ್ಟ ಬಾಟಲಿ ಅದು. ಅವಳ ಮದುವೆಯ ದಿನವೇ ತೆರೆಯಬೇಕೆಂದು ಅವರ ಕಟ್ಟಪ್ಪಣೆ. ಈಗ ಮೂವತ್ತು ವರ್ಷ ಮಾಗಿತ್ತು.

"ಅದನ್ನು ಮರೆತುಬಿಡಿ ಪಪ್ಪಾ."

"ಎಂತ ಮರೆಯುದು? ಈಗಲೇ ಕುಡಿದು ನೋಡ್ತೇನೆ!"

ಬಾಟಲಿ ತಂದು, ಬಿರಡೆ ಕಿತ್ತು, ಒಂದು ಗುಟುಕು ಹೀರಿದವರು ಥೂ ಎಂದು ಉಗಿದರು.

"ಪುನರ್ಪುಳಿ ಶರಬತ್ತು! ಮದುವೆಗೆ ಮುಂಚೆ ಮುಟ್ಟಬಾರದು ಅಂತ ಹೇಳಿರಲಿಲ್ವಾ?"

"ಮುಂಚೆ ಮುಟ್ಟಲಿಲ್ಲ ಪಪ್ಪಾ." ಮಗಳು ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಿದಳು. "ನಿಮ್ಮ ಅಳಿಯನಿಗೂ ಅದು ಭಾರೀ ಇಷ್ಟ ಆಯ್ತು."