ಬನ್ನಿ ಮರದಿಂದ ಗೆರೆಯವರೆಗೆ

ಬನ್ನಿ ಮರದ ನೆರಳು ತಾಗಿದ್ದೇ ತಡ, ರೋಹಿಡಿ ನಿಂತುಬಿಟ್ಟಳು. ಬೆಳಗಿನಿಂದ ಮರಳುದಿಬ್ಬ, ಒಣಹಳ್ಳ, ಉಪ್ಪುನೆಲ ಎಲ್ಲ ದಾಟಿ ಬಂದ ಮುದಿ ಹೆಣ್ಣುಕುದುರೆ, ಪಂದ್ಯ ಮುಗಿಯುವ ಗೆರೆ ಕಣ್ಣೆದುರಿಗೇ ಇರುವಾಗ ನಾಲ್ಕು ಕಾಲನ್ನೂ ಹೂಳಿಟ್ಟಂತೆ ನಿಂತಳು. ಜೋಗಾ ಹಿಮ್ಮಡಿ ಒತ್ತಿದ. ಊಹೂಂ. ಗೆರೆ ಇದ್ದದ್ದು ಠಾಕೂರರ ದೊಡ್ಡಮನೆ ಕೋಟಡಿಯ ಹೆಬ್ಬಾಗಿಲ ಮುಂದೆ ಹಾದುಹೋದ ಮೇಲೆ. ಗೆರೆಯನ್ನು ಕುದುರೆಯ ಮೇಲೆ ಕೂತೇ ದಾಟಬೇಕು. ಅದು ಪಂದ್ಯದ ಕಾನೂನು. ಭಿಲ್ಲರವನೊಬ್ಬ ಆ ಹೆಬ್ಬಾಗಿಲ ಮುಂದೆ ಕುದುರೆಯ ಮೇಲೆ ಕೂರಕೂಡದು. ಅದು ಊರಿನ ಕಾನೂನು. ಭಿಲ್ಲರ ಜೋಗಾ ಪಂದ್ಯಕ್ಕೆ ಹೆಸರು ಕೊಟ್ಟದ್ದೇ ಈ ಎರಡು ಕಾನೂನುಗಳು ಎಲ್ಲರೆದುರು ಒಂದನ್ನೊಂದು ಗುದ್ದಲಿ ಎಂದು.

ಗೋಡೆಯ ಮೇಲೆ ಕೂತಿದ್ದ ಹುಡುಗರು ನಕ್ಕರು. ಬಾಗಿಲ ಪಕ್ಕದ ಮಂಚದಲ್ಲಿ ಠಾಕೂರರ ತಮ್ಮ ಭಂವರ್‌ಸಾ ಕಾಲು ಚಾಚಿ ಕೂತಿದ್ದರು. ಅವರ ಎಳೆಯ ಗಂಡುಕುದುರೆ ಮಧ್ಯಾಹ್ನದ ತಪಾಸಣೆಯಲ್ಲಿ ಎದೆಬಡಿತ ಇಳಿಯದೆ ಪಂದ್ಯದಿಂದ ಹೊರಬಿದ್ದಿತ್ತು. ಆ ಉರಿ ಬೇರೆ.

"ನೋಡ್ರೋ, ಸವಾರನಿಗಿಲ್ಲದ ಮರ್ಯಾದೆ ಕುದುರೆಗಿದೆ," ಎಂದರು. "ಇಳಿಯಪ್ಪ ಜೋಗಾ. ನೀನಿಳಿದ್ರೆ ಅವಳು ತಾನಾಗೇ ಬರ್ತಾಳೆ. ನಿಮ್ಮಪ್ಪ ಕಲಿಸಿದ ಪಾಠ, ಮರೆತುಹೋಗುತ್ತಾ?"

ಮಾತು ನಿಜವಾಗಿತ್ತು, ಅದಕ್ಕೇ ಚುಚ್ಚಿತು. ಜೋಗಾನ ಅಪ್ಪ ಕೇಸಾರಾಮ ಕೋಟಡಿಯ ಲಾಯದಲ್ಲಿ ಕುದುರೆ ನೋಡಿಕೊಂಡವನು. ರೋಹಿಡಿ ಅಲ್ಲೇ ಹುಟ್ಟಿದ ಮರಿ. ಗಂಟಲ ಕೆಳಗೆ ಕೆಟ್ಟ ಸುಳಿಯಿದೆ, ಸಾಕಿದ ಮನೆಯನ್ನು ಮುಳುಗಿಸುತ್ತದೆ ಎಂದು ಅವನಿಗೆ ಬಿಟ್ಟಿ ಕೊಟ್ಟುಬಿಟ್ಟಿದ್ದರು; ಮುಳುಗಲು ಅವನ ಬಳಿ ಏನಿತ್ತು? ಅಂದಿನಿಂದ ದಿನವೂ ಮೇಯಿಸಲು ಒಯ್ಯುವಾಗ ಕೇಸಾರಾಮ ಈ ಬನ್ನಿ ಮರದಡಿ ಕೆಳಗಿಳಿಯುವನು, ಜೋಡು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುವನು, ತಲೆ ತಗ್ಗಿಸಿ ಅವಳನ್ನು ಹೆಬ್ಬಾಗಿಲ ಮುಂದೆ ನಡೆಸಿಕೊಂಡು ಹೋಗುವನು. ಆಚೆಯ ಬಾವಿಯ ಹತ್ತಿರ ಜೋಡು ಮೆಟ್ಟಿ ಮತ್ತೆ ಹತ್ತುವನು. ಬೆತ್ತ ತೋರಿಸದೆಯೇ ರೋಹಿಡಿ ಕಲಿತಳು. ಮೀಸೆ ಮೂಡಿದ ಮೇಲೆ ಜೋಗಾ ಇದನ್ನು ನೋಡಲಾರದೆ ದಿಬ್ಬದ ಹಿಂದಿನ ಸುತ್ತುದಾರಿ ಹಿಡಿದ. ಒಂದು ದಿನವೂ ಇಲ್ಲಿ ಇಳಿಯಲಿಲ್ಲ. ಒಂದು ದಿನವೂ ಅವಳನ್ನು ಇಲ್ಲಿ ಇಳಿಯದೆ ನಡೆಸಲೂ ಇಲ್ಲ. ಸಿಟ್ಟಿನಲ್ಲಿ ಇದೊಂದು ಅವನಿಗೆ ಹೊಳೆದೇ ಇರಲಿಲ್ಲ.

ಲಗಾಮಿನ ತುದಿಯನ್ನು ಹೊಡೆಯಲು ಎತ್ತಿದ. ರೋಹಿಡಿ ತನ್ನ ಬಾಗಿದ ಕಿವಿಗಳನ್ನು ಹಿಂದಕ್ಕೆ ತಿರುಗಿಸಿ, ಇನ್ನೂ ಯಾಕಪ್ಪ ಇಳಿದಿಲ್ಲ ಎನ್ನುವಂತೆ ಕಾಯುತ್ತಿದ್ದಳು. ಎತ್ತಿದ ಕೈ ಇಳಿಯಿತು.

"ಬಾಪೂ," ಎಂದು ಕೂಗಿದ. ಕೇಸಾರಾಮ ಗೆರೆಯ ಆಚೆ ನೀರಿನ ಬಕೆಟ್ ಹಿಡಿದು ನಿಂತಿದ್ದ. ಕೋಟಡಿಯವರೆಲ್ಲ ಎದುರಿಗೇ ಇದ್ದುದರಿಂದ ಜೋಡು ಇನ್ನೂ ಕಂಕುಳಲ್ಲೇ ಇತ್ತು. "ನೀನು ಕಲಿಸಿದ್ದು. ನೀನೇ ಬಿಡಿಸು."

"ಯಾರೂ ಕುದುರೆ ಮುಟ್ಟಬಾರದು," ಎಂದಳು ಗೆರೆ ಕಾಯುತ್ತಿದ್ದ ಪಶುವೈದ್ಯೆ.

"ಮುಟ್ಟಲ್ಲ ಬಾಯಿಸಾ," ಎಂದ ಕೇಸಾರಾಮ.

ಬಕೆಟ್ ಕೆಳಗಿಟ್ಟ. ಆಮೇಲೆ ಜೋಡನ್ನು ಮರಳಿಗೆ ಬಿಟ್ಟು, ಕಾಲು ತೂರಿಸಿ, ಹೆಬ್ಬಾಗಿಲ ಕಡೆಗೆ ನಡೆದು ಬಂದ. ದಪ್ಪ ತೊಗಲು ಚರ್ರ್, ಚರ್ರ್ ಎಂದಿತು. ಗೋಡೆಯ ಮೇಲಿನ ನಗು ನಿಂತಿತು.

ಭಂವರ್‌ಸಾ ಮಂಚದಿಂದ ಎದ್ದರು. "ಕೇಸಾ, ಕಾಲಲ್ಲಿ ಏನೋ ಅದು?"

"ಜೋಡು, ಹುಕುಂ."

"ಎಲ್ಲಿದೀಯ ಅಂತ ಗೊತ್ತಾ?"

"ಹುಟ್ಟಿದಾಗಿನಿಂದ ಪಾದ ಸುಟ್ಟುಕೊಂಡ ಜಾಗ, ಹುಕುಂ. ಮರೆತುಹೋಗುತ್ತಾ?"

ಹೆಬ್ಬಾಗಿಲ ಎದುರಿಗೆ ನಟ್ಟನಡುವೆ ಬಂದವನು ಕುದುರೆಗೆ ಬೆನ್ನು ತಿರುಗಿಸಿ, ಗೆರೆಯ ಕಡೆಗೆ ಮತ್ತೆ ಹೆಜ್ಜೆ ಹಾಕಿದ. ಚರ್ರ್, ಚರ್ರ್.

ರೋಹಿಡಿಯ ಕಿವಿಗಳು ಮುಂದಕ್ಕೆ ಚಿಮ್ಮಿ ತುದಿಗೆ ತುದಿ ತಾಗಿಸಿದವು. ಆ ಸದ್ದು ಅವಳಿಗೆ ಗೊತ್ತಿತ್ತು. ಯಜಮಾನನ ಕಾಲಲ್ಲಿ ಜೋಡು ಸದ್ದು ಮಾಡಿದರೆ ಕೋಟಡಿ ಹಿಂದೆ ಬಿತ್ತು, ಇನ್ನು ನಡೆ ಎಂದೇ ಅರ್ಥ. ಅದೂ ಅದೇ ಪಾಠದ ಉಳಿದರ್ಧ. ಕತ್ತು ಕೊಡವಿ ಹೊರಟಳು. ಜೋಗಾ ಬೆನ್ನು ನೆಟ್ಟಗೆ ಮಾಡಿ ಕೂತ. ಹೆಬ್ಬಾಗಿಲ ಕಮಾನು ಮೊದಲ ಸಲ ಅವನ ಕಣ್ಣಿನ ಮಟ್ಟಕ್ಕೆ ಬಂದು, ಪಕ್ಕಕ್ಕೆ ಸರಿದು, ಹಿಂದೆ ಉಳಿಯಿತು. ರೋಹಿಡಿ ಗೆರೆ ದಾಟಿದಳು.

ವೈದ್ಯೆ ಎದೆಬಡಿತ ಎಣಿಸಿ ತಲೆಯಾಡಿಸಿದಳು. "ಹದಿನೆಂಟು ವರ್ಷದ ಎದೆ ಇದು ಅಂದ್ರೆ ಯಾರೂ ನಂಬಲ್ಲ. ಪಾಸು. ಇಂಥದ್ದನ್ನ ಕೋಟಡಿಯವರು ಯಾಕೆ ಬಿಟ್ಟುಕೊಟ್ರು?"

"ಸುಳಿ ಸರಿಯಿಲ್ಲ ಬಾಯಿಸಾ. ಮನೆಯನ್ನ ಮುಳುಗಿಸ್ತಾಳಂತೆ," ಎಂದ ಕೇಸಾರಾಮ, ಅದೇ ಸುಳಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ. ಖಾಲಿಯಾಗಿದ್ದ ಮಂಚದ ಕಡೆ ಒಮ್ಮೆ ನೋಡಿದ. "ಯಾರ ಮನೆಯನ್ನ ಅಂತ ಇವತ್ತು ಗೊತ್ತಾಯ್ತು."

ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ. ಜೋಗಾ ಹಳೇ ಚಾಳಿಯಲ್ಲಿ ದಿಬ್ಬದ ಹಿಂದಿನ ದಾರಿಗೆ ಲಗಾಮು ತಿರುಗಿಸಿದ. ರೋಹಿಡಿ ಆಗಲೇ ಹೆಬ್ಬಾಗಿಲ ಮುಂದೆ ಕೇಳಿಬರುತ್ತಿದ್ದ ಚರ್ರ್, ಚರ್ರ್ ಸದ್ದಿನ ಹಿಂದೆ ಹೊರಟಾಗಿತ್ತು.