ಮೇಷ್ಟ್ರ ನಲವತ್ತೆಂಟನೇ ವಿಧಿ

ಗಂಡನನ್ನು ಪೊಲೀಸರು ಎಳೆದುಕೊಂಡು ಹೋದ ಮರುದಿನ ಬೆಳಿಗ್ಗೆ ಟಿಲ್ಡೆ ನೇರವಾಗಿ ವಕೀಲ ಕ್ವಾಸ್ಟರ ಮನೆಗೆ ಬಂದಳು. 1933ರ ಮಾರ್ಚ್ ತಿಂಗಳು. ಎಲ್ಬೆ ನದಿಯ ದಡದ ಆ ಜರ್ಮನ್ ಊರಿನಲ್ಲಿ ಅವಳ ಗಂಡ ಎರ್ವಿನ್ ಅಚ್ಚುಮೊಳೆ ಜೋಡಿಸುವವನು. ಹಿಟ್ಲರನ ವಿರುದ್ಧ ಕರಪತ್ರ ಅಚ್ಚು ಹಾಕಿದ್ದ. ಕ್ವಾಸ್ಟ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಧೈರ್ಯ ಹೇಳಿದರು. ಇದೇನು ಕಾಡಲ್ಲ, ಸಂವಿಧಾನ ಇರುವ ದೇಶ. ಯಾಕೆ ಹಿಡಿದೆವೆಂದು ಮರುದಿನದೊಳಗೆ ಹೇಳಲೇಬೇಕು. ಮಧ್ಯಾಹ್ನದ ಊಟಕ್ಕೆ ಎರ್ವಿನ್ ಮನೆಯಲ್ಲಿರುತ್ತಾನೆ ಎಂದರು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಪೌಲ್ಸೆನ್ ಎದ್ದು ನಿಂತು ಬರಮಾಡಿಕೊಂಡ. ಸಂಜೆ ಶಾಲೆಯಲ್ಲಿ ಕ್ವಾಸ್ಟರ ಬಳಿಯೇ ಕಾನೂನು ಕಲಿತವನು. ಕ್ವಾಸ್ಟ್ ವಿಧಿಯ ಸಂಖ್ಯೆ ಸಮೇತ ಗದರಿದರು: ಕಾರಣ ಕೊಡು, ಇಲ್ಲವೇ ಬಿಡು.

"ಆ ವಿಧಿ ಈಗ ಅಮಾನತಿನಲ್ಲಿದೆ ಮೇಷ್ಟ್ರೇ."

"ಮಾಡಿದ್ದು ಯಾರು?"

"ಅಧ್ಯಕ್ಷರು. ನಲವತ್ತೆಂಟನೇ ವಿಧಿ ಪ್ರಕಾರ. ನೀವೇ ಪಾಠ ಮಾಡಿದ್ರಲ್ಲ, ಸಂವಿಧಾನಕ್ಕೆ ಅಪಾಯ ಬಂದಾಗ ಅದನ್ನ ಕಾಪಾಡೋ ವಿಧಿ ಅಂತ."

ಕ್ವಾಸ್ಟ್ ತಪ್ಪು ಹುಡುಕಿದರು, ಸಿಗಲಿಲ್ಲ. ಪರೀಕ್ಷೆಯಾಗಿದ್ದರೆ ನೂರಕ್ಕೆ ನೂರು ಕೊಡಬೇಕಿತ್ತು. ಬೇಲಿಯೇ ಎದ್ದು ಹೊಲ ಮೇಯುವ ಮಾತನ್ನು ಅವರೂ ಕೇಳಿದ್ದರು. ಆ ಬೇಲಿಗೆ ಮೇಯುವುದನ್ನು ಕಲಿಸಿದ ಮೇಷ್ಟರು ತಾನೇ ಎಂಬುದು ಮಾತ್ರ ಹೊಸ ಸುದ್ದಿ. ನ್ಯಾಯಾಲಯದ ಹೆಸರೆತ್ತಿ ಹೆದರಿಸಿ ನೋಡಿದರು. ಇಂಥ ಬಂಧನಗಳಲ್ಲಿ ನ್ಯಾಯಾಲಯ ತಲೆ ಹಾಕುವಂತಿಲ್ಲ ಎಂದು ಪೌಲ್ಸೆನ್ ತುಂಬ ವಿನಯದಿಂದ ತಿಳಿಸಿದ.

ಹೊರಗೆ ಮೊಗಸಾಲೆಯಲ್ಲಿ ಟಿಲ್ಡೆ ಕಾಯುತ್ತಿದ್ದಳು. ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

"ನೋಡಮ್ಮ, ಮೂವತ್ತು ವರ್ಷ ಪುಸ್ತಕ ಹೊತ್ತ ಕತ್ತೆ ನಾನು," ಎಂದರು ಕ್ವಾಸ್ಟ್. "ನಿಜವಾದ ಕತ್ತೆಗಾದ್ರೆ ಒದೆಯೋಕಾದ್ರೂ ಬರುತ್ತೆ."

ಟಿಲ್ಡೆ ನಗಲಿಲ್ಲ. "ಹಾಗಾದ್ರೆ ಮನೆಗೆ ಹೋಗೋದಾ?" ಎಂದಷ್ಟೇ ಕೇಳಿದಳು.

ಕ್ವಾಸ್ಟ್ ಬಾಗಿಲವರೆಗೆ ಹೋದರು. ತಿಂಡಿ ಅರ್ಧಕ್ಕೇ ಬಿಟ್ಟು ಬಂದಿದ್ದು ನೆನಪಾಯಿತು, ಅದು ನೆನಪಾದದ್ದಕ್ಕೆ ನಾಚಿಕೆಯೂ ಆಯಿತು. ತಿರುಗಿ ಬಂದು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟರು. ಮಧ್ಯಾಹ್ನವಾದರೂ ಏಳಲಿಲ್ಲ. ಪೌಲ್ಸೆನ್ ಎರಡು ಸಲ ಇಣುಕಿ ನೋಡಿದ, ಆಮೇಲೆ ಎದುರಿಗೇ ಬಂದು ನಿಂತ.

"ಇನ್ನೂ ಯಾಕೆ ಕೂತಿದ್ದೀರಿ ಮೇಷ್ಟ್ರೇ?"

"ಎರ್ವಿನ್‌ನ ಬಿಡೋವರೆಗೂ ಕೂತಿರ್ತೀನಿ."

"ಯಾವ ಕಾನೂನಿನ ಪ್ರಕಾರ?"

ಅಭ್ಯಾಸಬಲದಿಂದ ಕ್ವಾಸ್ಟ್ ಬಾಯಿ ತೆರೆದರು. ಹೇಳಲು ಒಂದು ವಿಧಿಯೂ ಇರಲಿಲ್ಲ. ಬೀದಿಯಲ್ಲಿ ಹಿಟ್ಲರನ ಕಂದು ಅಂಗಿಯ ದಳದವರ ಲಾರಿ ಬಂದು ನಿಂತ ಸದ್ದು, ಬೂಟುಗಾಲಿನ ಸದ್ದು ಕೇಳಿಸಿತು. ಕ್ವಾಸ್ಟ್ ತೊಡೆಯ ಮೇಲಿನ ಟೋಪಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು, ಸ್ವಲ್ಪ ಪಕ್ಕಕ್ಕೆ ಸರಿದು, ಟಿಲ್ಡೆಗೆ ಜಾಗ ಮಾಡಿಕೊಟ್ಟರು.