ಬೈದರೆ ನಿಲ್ಲುವ ರಕ್ತ

ಕೆಲವು ಮಕ್ಕಳ ಹೆಪ್ಪುಗಟ್ಟದ ರಕ್ತಕ್ಕೆ ಬೈಗುಳವೇ ಮದ್ದು ಎಂದು ಸಂಶೋಧನೆಯಲ್ಲಿ ಗೊತ್ತಾದ ಮೇಲೆ, ಹುಬ್ಬಳ್ಳಿಯ ಆಸ್ಪತ್ರೆಯೊಂದು ಸಂತೆಯಲ್ಲಿ ಬದನೆಕಾಯಿ ಮಾರುತ್ತಿದ್ದ ಶಂಕ್ರವ್ವನನ್ನು ಕೆಲಸಕ್ಕೆ ಇಟ್ಟುಕೊಂಡಿತ್ತು. ಅವಳು ಬಾಯಿ ಬಿಟ್ಟರೆ ಎಂಥ ರಕ್ತವೂ ನಾಚಿ ನಿಲ್ಲುತ್ತಿತ್ತು.

ಏಳು ವರ್ಷದ ನೀಲಾಂಬಿಕೆಯ ಹಾಲುಹಲ್ಲು ಬಿದ್ದ ದಿನವೇ ಶಂಕ್ರವ್ವನ ಗಂಟಲು ಕಟ್ಟಿತ್ತು. ಮಗಳ ಬಾಯಿಗೆ ಒತ್ತಿದ ಮೂರನೆಯ ಬಟ್ಟೆಯೂ ತೊಯ್ದಾಗ ಶಾಲೆಯಲ್ಲಿ ಟೀಚರ್ ಆಗಿದ್ದ ತಾಯಿ ಇಂದುಮತಿ ಅವಳನ್ನು ಎತ್ತಿಕೊಂಡು ಆ ಆಸ್ಪತ್ರೆಗೆ ಓಡಿದಳು.

"ದಯವಿಟ್ಟು ನಿಂತುಬಿಡು," ಎಂದು ಡಾಕ್ಟರು ರಕ್ತವನ್ನು ಬೇಡಿಕೊಂಡರು. ಅದು ಇನ್ನಷ್ಟು ಹರಿಯಿತು. "ನೀವಾದ್ರೂ ಬೈರಿ, ಟೀಚರ್!"

ಇಂದುಮತಿ, "ಏ ತುಂಟಾ..." ಎಂದಳು. ರಕ್ತ ಕೇರ್ ಮಾಡಲಿಲ್ಲ.

ನೀಲಾಂಬಿಕೆ ಬಟ್ಟೆ ಕಿತ್ತೆಸೆದು ಸೊಂಟಕ್ಕೆ ಕೈಯಿಟ್ಟಳು. "ಏ ಮೂದೇವಿ, ನಿನ್ನ ಹೆಣಾ ಎತ್ತಲಿ! ಹೇಳದ ಕೇಳದ ಎಲ್ಲಿಗ್ ಹೊಂಟಿ? ಮುಚ್ಕೊಂಡು ಒಳಗ ಬಿದ್ದಿರು!"

ರಕ್ತ ಗಪ್ಪನೆ ನಿಂತಿತು.

"ಇಂಥಾ ಮಾತು ಯಾರ್ ಕಲಿಸಿದ್ರು ನಿನಗ?" ಇಂದುಮತಿ ಬೆಚ್ಚಿ ಕೇಳಿದಳು.

"ನೀನ! ಅಪ್ಪ ತಡಾ ಮಾಡಿ ಬಂದಾಗ ಬೈತಿಯಲ್ಲ."

ಇಂದುಮತಿ ನಾಚಿಕೆಗೂ ಸಮಾಧಾನಕ್ಕೂ ಒಟ್ಟಿಗೇ ಅತ್ತು ಮಗಳನ್ನು ತಬ್ಬಿಕೊಂಡಳು. ಡಾಕ್ಟರು ಮೆಲ್ಲಗೆ ಪೆನ್ನು ತೆಗೆದರು.

"ಟೀಚರ್, ಉಳಿದದ್ದನ್ನೂ ಸಾವಕಾಶ ಹೇಳ್ರಿ. ಬರ್ಕೋತೀನಿ."